ಟಗ್ಗರ್ ಓಡುತ್ತಿದೆ, ಲೈನ್ ಯಾಕೆ ನಿಲ್ಲುತ್ತಿದೆ?

ಗಡಿಭಾಗದ ಕಾರ್ಖಾನೆಗಳಲ್ಲಿ ದುಡಿಯುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟಗ್ಗರ್ ರೈಲಿನ ಬಗ್ಗೆಯೇ ಇವೆ. ಹಾಗಾಗಿ ಪಿಎಫ್, ಬೋನಸ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಗ್ಗರ್ ನೋಡದವರಿಗೆ ಎರಡು ಮಾತು. ಮುಂದೆ ಒಂದು ಸಣ್ಣ ಬ್ಯಾಟರಿ ಗಾಡಿ, ಅದರ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿದ ಮೂರೋ ನಾಲ್ಕೋ ಟ್ರಾಲಿ. ಹಳಿಗಿಳಿ ಏನೂ ಇಲ್ಲ, ನೆಲದ ಮೇಲೇ ಓಡುತ್ತದೆ. ಸ್ಟೋರ್ಸ್‌ನಿಂದ ಹೊರಟು, ಮಾಲು ಜೋಡಿಸುವ ಲೈನ್ ಉದ್ದಕ್ಕೂ ಅಲ್ಲಲ್ಲಿ ನಿಂತು, ತುಂಬಿದ ಬಿನ್ (ಬಿಡಿಭಾಗದ ಡಬ್ಬ) ಇಳಿಸಿ, ಖಾಲಿ ಬಿನ್ ಎತ್ತಿಕೊಂಡು ವಾಪಸ್ ಬರುತ್ತದೆ. ಕೆಲವು ಕಡೆ ಇದನ್ನೇ ಮಿಲ್ಕ್ ರನ್ ಗಾಡಿ ಅನ್ನುತ್ತಾರೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ಸಾರ್, ನಮ್ಮದು ಸಿಪ್ಕಾಟ್‌ನಲ್ಲಿ ಬೈಕ್ ಬಿಡಿಭಾಗ ಜೋಡಿಸುವ ಕಂಪನಿ. ಲೈನ್‌ನಲ್ಲಿ ಹನ್ನೆರಡು ಸ್ಟೇಷನ್ ಇವೆ. ಹೋದ ವರ್ಷ ಎರಡು ಫೋರ್ಕ್‌ಲಿಫ್ಟ್ ತೆಗೆದು ಒಂದು ಟಗ್ಗರ್, ಎಂಟು ಟ್ರಾಲಿ ತಂದರು. ಶಾರ್ಟೇಜ್ ಕಡಿಮೆ ಆಗುತ್ತದೆ ಅಂದಿದ್ದರು, ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಲೈನ್‌ನಿಂದ ಫೋನ್ ಬಂದ ಕೂಡಲೇ ಗಾಡಿ ಬಿಡುತ್ತೇವೆ, ಆದ್ರೂ ಬೈಗುಳ ತಪ್ಪಿಲ್ಲ. ಟಗ್ಗರ್ ಸರಿ ಇಲ್ಲವಾ, ನಾವು ಸರಿ ಇಲ್ಲವಾ? — ಸ್ಟೋರ್ಸ್ ಸಹಾಯಕ, ಹೊಸೂರು

ನೀವೂ ಸರಿ ಇದ್ದೀರಿ, ಟಗ್ಗರೂ ಸರಿ ಇದೆ. ಫೋನ್ ಬಂದ ಕೂಡಲೇ ಗಾಡಿ ಬಿಡುತ್ತೇವೆ ಅಂದಿರಲ್ಲ, ತೊಂದರೆ ಇರುವುದು ಅಲ್ಲಿ.

ಫೋರ್ಕ್‌ಲಿಫ್ಟ್ ಅಂದರೆ ಆಟೋ. ಕರೆದಾಗ ಬರುತ್ತದೆ, ಒಂದು ಪ್ಯಾಲೆಟ್ ಇಳಿಸುತ್ತದೆ, ಖಾಲಿ ವಾಪಸ್ ಹೋಗುತ್ತದೆ. ಟಗ್ಗರ್ ಅಂದರೆ ಟೌನ್ ಬಸ್. ಅದಕ್ಕೆ ರೂಟ್ ಬೇಕು, ಸ್ಟಾಪ್ ಬೇಕು, ಟೈಮ್ ಬೇಕು. ನಿಮ್ಮ ಕಂಪನಿಯವರು ಬಸ್ ಕೊಂಡು ಆಟೋ ಥರ ಓಡಿಸುತ್ತಿದ್ದಾರೆ. ಒಂದು ಸ್ಟೇಷನ್‌ನವರು ಕರೆದರು ಅಂತ ನಾಲ್ಕು ಟ್ರಾಲಿ ಎಳೆದುಕೊಂಡು ಓಡಿದರೆ ಉಳಿದ ಹನ್ನೊಂದು ಸ್ಟೇಷನ್‌ಗಳ ಸರದಿ ಹಿಂದೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಅವರೂ ಫೋನ್ ಎತ್ತಿಕೊಳ್ಳುತ್ತಾರೆ.

ಸರಿ, ಫೋನ್ ಬರುವುದಾದರೂ ಯಾಕೆ? ಒಂದು ಲೆಕ್ಕ ಹಾಕಿ ನೋಡೋಣ. ಒಂದು ಸ್ಟೇಷನ್ ಗಂಟೆಗೆ 60 ಭಾಗ ಬಳಸುತ್ತದೆ ಅನ್ನಿ. ಒಂದು ಬಿನ್‌ನಲ್ಲಿ 20 ಹಿಡಿಯುತ್ತದೆ. ಗಾಡಿ 30 ನಿಮಿಷಕ್ಕೆ ಒಂದು ಸುತ್ತು. ಈಗ ಗಾಡಿ ಆ ಕಡೆ ಹೋಯಿತು, ಈ ಕಡೆ ಒಂದು ಬಿನ್ ಖಾಲಿ ಆಯಿತು. ಆ ಖಾಲಿ ಬಿನ್ ಎತ್ತಲು ಗಾಡಿ ಬರುವುದು 30 ನಿಮಿಷ ಆದ ಮೇಲೆ. ಅದರ ಬದಲು ತುಂಬಿದ ಬಿನ್ ಬರುವುದು ಅದರ ಮುಂದಿನ ಸುತ್ತಿನಲ್ಲಿ, ಅಂದರೆ ಇನ್ನೂ 30 ನಿಮಿಷ. ಈ ಒಂದು ಗಂಟೆಯಲ್ಲಿ ಲೈನ್ 60 ಭಾಗ ಮುಗಿಸಿರುತ್ತದೆ, ಅದಕ್ಕೆ 3 ತುಂಬಿದ ಬಿನ್ ಬೇಕು, ಖಾಲಿಯಾದದ್ದು ಒಂದು, ಒಟ್ಟು 4. ಬಹಳ ಕಂಪನಿಗಳಲ್ಲಿ ಎಲ್ಲ ಸ್ಟೇಷನ್‌ಗೂ ಕಣ್ಣು ಮುಚ್ಚಿ ಎರಡೆರಡು ಬಿನ್ ಇಟ್ಟಿರುತ್ತಾರೆ. ಹಾಗಿದ್ದರೆ ಎರಡನೇ ಬಿನ್ ಬಾಳುವುದು 20 ನಿಮಿಷ ಮಾತ್ರ. ಫೋನ್ ಬಾರದೆ ಇನ್ನೇನು? ಎರಡೇ ಬಿನ್‌ನಲ್ಲಿ ನಡೆಯಬೇಕು ಅಂದರೆ ಸುತ್ತು 10 ನಿಮಿಷಕ್ಕೆ ಇಳಿಯಬೇಕು, ಅದು ಆಗದ ಮಾತು. ಸುತ್ತು 20 ನಿಮಿಷಕ್ಕೆ ಬಂದರೆ 3 ಬಿನ್ ಸಾಕು. ಇದು ಅಳತೆಗೆ ಸರಿಯಾದ ಲೆಕ್ಕ, ಅದರ ಮೇಲೆ ಕೈಯಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಳ್ಳುವುದು ನಿಮ್ಮ ಲೈನ್ ಎಷ್ಟು ಏರುಪೇರು ಆಗುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಒಂದೊಂದು ಸ್ಟೇಷನ್‌ಗೂ ಈ ಲೆಕ್ಕ ಬೇರೆ ಬೇರೆ ಮಾಡಿ. ಬೋಲ್ಟ್, ವಾಷರ್ ಥರದ ಚಿಲ್ಲರೆಗೆ ತಲೆ ಕೆಡಿಸಿಕೊಳ್ಳಬೇಡಿ, ದಿನಕ್ಕಾಗುವಷ್ಟು ಒಂದೇ ಸಲ ಇಟ್ಟುಬಿಡಿ.

ಇನ್ನು ಸುತ್ತಿನ ಸಮಯ. ಇಲ್ಲಿ ಎಲ್ಲರೂ ಡ್ರೈವರ್ ಮೇಲೆ ಕಣ್ಣು ಹಾಕುತ್ತಾರೆ, ನಿಧಾನ ಓಡಿಸ್ತಾನೆ ಅಂತ. ರೂಟ್ 400 ಮೀಟರ್ ಇದೆ ಅನ್ನಿ, ಗಾಡಿ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಹೋದರೆ 4 ನಿಮಿಷ. ಹನ್ನೆರಡು ಸ್ಟಾಪ್, ಒಂದೊಂದಕ್ಕೆ ಒಂದೂವರೆ ನಿಮಿಷ ಹಿಡಿದರೆ 18 ನಿಮಿಷ. ಒಟ್ಟು 22ರಲ್ಲಿ ಓಟಕ್ಕೆ ಹೋಗುವುದು ಬರೀ 4. ವೇಗವನ್ನು 8 ಕಿಲೋಮೀಟರ್‌ಗೆ ಏರಿಸಿದರೆ ಉಳಿಯುವುದು ಒಂದೇ ನಿಮಿಷ. ಅದೇ ವೇಗಕ್ಕೆ ಗಾಡಿ ನಿಲ್ಲಿಸಲು ಬ್ರೇಕ್ ಮೇಲೆ ಬೀಳುವ ಕೆಲಸ ಮಾತ್ರ ಮುಕ್ಕಾಲು ಪಾಲು ಜಾಸ್ತಿ ಆಗುತ್ತದೆ. ಸುಮ್ನೆ ಅಪಾಯ ಕೊಂಡುಕೊಂಡಂತೆ. ಸಮಯ ಉಳಿಸಬೇಕಾದ್ದು ಸ್ಟಾಪ್‌ನಲ್ಲಿ. ಬಿನ್ ಇಡುವ ರ‍್ಯಾಕ್ ಟ್ರಾಲಿಯ ಎತ್ತರಕ್ಕೇ ಇದೆಯಾ? ಖಾಲಿ ಬಿನ್ ವಾಪಸ್ ಬರುವ ಜಾರು ರ‍್ಯಾಕ್ ಗ್ಯಾಂಗ್‌ವೇ ಕಡೆಗೇ ಇದೆಯಾ, ಇಲ್ಲ ಡ್ರೈವರ್ ಆಪರೇಟರ್ ಹಿಂದೆ ನುಸುಳಿ ಎತ್ತಿ ತರಬೇಕಾ? ಲೇಬಲ್ ಓದಲು ಬಗ್ಗಬೇಕಾ? ಇವನ್ನು ಸರಿ ಮಾಡಿದರೆ ಒಂದೂವರೆ ನಿಮಿಷ ಒಂದಕ್ಕೆ ಇಳಿಯುತ್ತದೆ, ಸುತ್ತಿಗೆ 6 ನಿಮಿಷ ಉಳಿಯಿತು.

ನಿಮ್ಮಲ್ಲಿ ಎಂಟು ಟ್ರಾಲಿ ಇವೆ, ಅದು ಪುಣ್ಯ. ನಾಲ್ಕು ಓಡುತ್ತಿರುವಾಗ ಉಳಿದ ನಾಲ್ಕು ಸ್ಟೋರ್ಸ್‌ನಲ್ಲಿ ತುಂಬುತ್ತಿರಬೇಕು. ಡ್ರೈವರ್ ಬಂದು ಖಾಲಿ ನಾಲ್ಕನ್ನು ಕಳಚಿ, ತುಂಬಿದ ನಾಲ್ಕನ್ನು ಹಾಕಿಕೊಂಡು ಹೊರಡಬೇಕು. ಅವನೇ ನಿಂತು ಲೋಡ್ ಮಾಡುತ್ತಿದ್ದರೆ ಟಗ್ಗರ್ ಬಾಡಿಗೆ ಕೊಟ್ಟು ನಿಲ್ಲಿಸಿದಂತೆ.

ಕೊನೆಗೆ ಒಂದು ಕಷ್ಟದ ವಿಷಯ. ಟೈಮ್ ಆದ ಮೇಲೆ ಗಾಡಿ ಅರ್ಧ ಖಾಲಿ ಇದ್ದರೂ ಹೊರಡಬೇಕು. ಇದನ್ನು ಮ್ಯಾನೇಜರ್‌ಗಳಿಗೆ ಒಪ್ಪಿಸುವುದೇ ದೊಡ್ಡ ಕೆಲಸ. ಖಾಲಿ ಟ್ರಾಲಿ ನೋಡಿದರೆ ಅವರಿಗೆ ಹೊಟ್ಟೆ ಉರಿಯುತ್ತದೆ, ತುಂಬುವ ತನಕ ತಡಿ ಅನ್ನುತ್ತಾರೆ. ತುಂಬುವ ತನಕ ತಡೆದರೆ ಟೈಮ್ ಹೋಯಿತು, ಟೈಮ್ ಹೋದರೆ ಮೇಲಿನ ಬಿನ್ ಲೆಕ್ಕ ಪೂರಾ ಸುಳ್ಳಾಯಿತು. ಟೊಯೋಟಾದಲ್ಲಿ ತೈಚಿ ಓನೊ ಈ ಪದ್ಧತಿಯ ಬುನಾದಿ ಹಾಕಿದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ನ ಶೆಲ್ಫ್ ಯೋಚನೆಯಿಂದ. ಗಿರಾಕಿ ಎಷ್ಟು ಎತ್ತಿಕೊಂಡನೋ ಅಷ್ಟೇ ಮತ್ತೆ ತುಂಬಿಸು. ಒಂದು ಸುತ್ತಿನಲ್ಲಿ ಕಡಿಮೆ ಎತ್ತಿದ್ದರೆ ಗಾಡಿಯಲ್ಲಿ ಕಡಿಮೆ ಹೋಗುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಸರ್ರ, ನಾವು ಗಡಹಿಂಗ್ಲಜ ಕಡೆಯವ್ರು, ಕಾಗಲ್ ಎಂಐಡಿಸಿಯೊಳಗ ಮಷಿನ್ ಶಾಪ್‌ದಾಗ ಟಗ್ಗರ್ ಓಡಸ್ತೀನಿ. ಮುಂದಿನ ಮೂರು ಟ್ರಾಲಿ ಬರೊಬ್ಬರಿ ತಿರಗತಾವು, ನಾಕನೇದು ಮಾತ್ರ ಮೂಲಿ ಕಂಬಕ್ಕ ತಾಗತೈತಿ. ಎರಡು ಸಲ ಆತು. ನನಗ ದಂಡ ಹಾಕ್ಯಾರ. ಇದರಾಗ ನನ್ನ ತಪ್ಪು ಏನೈತ್ರಿ? — ಟಗ್ಗರ್ ಡ್ರೈವರ್, ಕಾಗಲ್

ನಿಮ್ಮ ಟ್ರಾಲಿಗಳ ಚಕ್ರ ಮೊದಲು ನೋಡಿ. ಮುಂದಿನ ಎರಡು ತಿರುಗುವ ಕ್ಯಾಸ್ಟರ್, ಹಿಂದಿನ ಎರಡು ಫಿಕ್ಸ್ ಇದ್ದರೆ, ತಿರುವಿನಲ್ಲಿ ಒಂದೊಂದು ಟ್ರಾಲಿಯೂ ತನ್ನ ಮುಂದಿನದಕ್ಕಿಂತ ಸ್ವಲ್ಪ ಒಳಗೆ ಕೊಯ್ದುಕೊಂಡು ಹೋಗುತ್ತದೆ. ಮೊದಲನೆಯದು ಸ್ವಲ್ಪ, ಎರಡನೆಯದು ಇನ್ನಷ್ಟು, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಂಬ ಎದುರಿಗೆ. ನೀವು ಎಷ್ಟೇ ಚೆನ್ನಾಗಿ ಓಡಿಸಿ, ಟಗ್ಗರ್ ಹೋದ ಜಾಡಿನಲ್ಲಿ ಕೊನೆಯ ಟ್ರಾಲಿ ಬರುವುದಿಲ್ಲ.

ದಂಡದ ಚೀಟಿ ಬರೆದವರಿಗೆ ಬಾಯಲ್ಲಿ ಹೇಳಿದರೆ ಪ್ರಯೋಜನ ಇಲ್ಲ, ತೋರಿಸಬೇಕು. ಭಾನುವಾರವೋ ಶಿಫ್ಟ್ ಬದಲಾಗುವಾಗಲೋ ಸೂಪರ್‌ವೈಸರ್‌ರನ್ನು ಮೂಲೆಗೆ ಕರೆಯಿರಿ. ಟ್ರಾಲಿಗಳು ಖಾಲಿಯೇ ಇರಲಿ, ನಡೆಯುವ ವೇಗದಲ್ಲಿ ಜಾಡು ನಿಂತಿರುವುದು ಚಕ್ರ, ಕೊಂಡಿಗಳ ಅಳತೆಯ ಮೇಲೆ, ಲೋಡ್ ಮೇಲಲ್ಲ. ತಿರುವಿಗೆ ಸ್ವಲ್ಪ ಮೊದಲು ನೆಲದ ಮೇಲೆ ಅರ್ಧ ಬಕೆಟ್ ನೀರು ಚೆಲ್ಲಿ. ಕಂಬಕ್ಕೆ ತಾಗುವ ಮೊದಲೇ ನಿಲ್ಲಿಸಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆಯುವ ವೇಗದಲ್ಲಿ ತಿರುಗಿಸಿ. ಒಣಗಿದ ಕಾಂಕ್ರೀಟ್ ಮೇಲೆ ಚಕ್ರದ ಒದ್ದೆ ಗೆರೆಗಳು ಒಂದರ ಒಳಗೊಂದು ಬಿದ್ದಿರುತ್ತವೆ. ಆಚೆಯ ಗೆರೆಯಿಂದ ಒಳಗಿನ ಗೆರೆಗೆ ಟೇಪ್ ಹಿಡಿದು ಅಳೆದು, ಚಾಕ್‌ನಲ್ಲಿ ಬರೆದು, ಆರುವ ಮೊದಲೇ ಫೋಟೋ ತೆಗೆದುಬಿಡಿ. ಇದರ ಮೇಲೆ ಮಾತೇ ಬೇಡ.

ಸರಿ ಮಾಡುವ ದಾರಿ ಕೆಲವು ಇವೆ. ಖರ್ಚಿಲ್ಲದ್ದು, ಒಂದು ಟ್ರಾಲಿ ಕಡಿಮೆ ಮಾಡಿ ಸುತ್ತು ಒಂದೆರಡು ಜಾಸ್ತಿ ಮಾಡುವುದು. ಇಲ್ಲ, ರೂಟ್ ಬದಲಿಸಿ ಆ ಮೂಲೆಯನ್ನು ಇನ್ನೂ ಹೊರಗಿನಿಂದ ತಿರುಗುವ ಹಾಗೆ ನೋಡುವುದು. ಖರ್ಚಿನದು ಟ್ರಾಲಿ ಬದಲಿಸುವುದು. ನಾಲ್ಕೂ ಚಕ್ರ ಸ್ಟಿಯರಿಂಗ್ ಇರುವ ಟ್ರಾಲಿ ಬರುತ್ತದೆ. ನಡುವೆ ಒಂದೇ ಫಿಕ್ಸ್ ಆಕ್ಸಲ್ ಇದ್ದು, ಅಲ್ಲಿಂದ ಮುಂದಿನ ಕೊಂಡಿಗೂ ಹಿಂದಿನ ಕೊಂಡಿಗೂ ಒಂದೇ ದೂರ ಇರುವುದೂ ಬರುತ್ತದೆ. ಇವೆರಡೂ ಮುಂದಿನದರ ಜಾಡನ್ನೇ ಹೆಚ್ಚುಕಮ್ಮಿ ಹಿಡಿಯುತ್ತವೆ. ಟ್ರಾಲಿ ಲೋಕಲ್ ಫ್ಯಾಬ್ರಿಕೇಟರ್ ಹತ್ತಿರ ಮಾಡಿಸಿದ್ದಾದರೆ ಈ ಕೊಂಡಿ ದೂರದ ಲೆಕ್ಕ ಯಾರೂ ಹಾಕಿರುವುದಿಲ್ಲ.

ನಿಮ್ಮದು ಮಷಿನ್ ಶಾಪ್ ಅಂದಿದ್ದೀರಿ. ಪಾಲಿಯುರಿಥೇನ್ ಚಕ್ರಕ್ಕೆ ಲೇತ್‌ನ ಸುರುಳಿ ಚೂರು ಸಿಕ್ಕಿಕೊಂಡರೆ ಒಳಗೇ ಕೂತುಬಿಡುತ್ತದೆ, ಕ್ಯಾಸ್ಟರ್ ಸಲೀಸಾಗಿ ತಿರುಗುವುದಿಲ್ಲ. ಶಿಫ್ಟ್ ಶುರುವಿನಲ್ಲಿ ಒಂದೊಂದು ಚಕ್ರಕ್ಕೂ ಕಣ್ಣಾಡಿಸಿ, ಇಕ್ಕಳದಿಂದ ಕಿತ್ತು ತೆಗೆಯಿರಿ. ಭಾರದ ಟ್ರಾಲಿ ಯಾವಾಗಲೂ ಟಗ್ಗರ್‌ಗೆ ತಾಗಿ ಮೊದಲು ಬರಲಿ, ಹಗುರದ್ದು ಕೊನೆಗೆ. ಮತ್ತೆ, ತಾಗಿದ ಮೇಲೆ ರಿವರ್ಸ್ ತೆಗೆಯಲು ಹೋಗಬೇಡಿ. ನಾಲ್ಕು ಟ್ರಾಲಿ ರಿವರ್ಸ್ ಮಾಡಿದರೆ ಮಡಚಿಕೊಂಡು ಇನ್ನೊಂದು ಕಡೆ ಯಾರನ್ನಾದರೂ ಒತ್ತುತ್ತದೆ. ಕಳಚಿ, ಕೈಯಲ್ಲಿ ಎಳೆದು ಬಿಡಿಸಿಕೊಳ್ಳಿ.

ಅಣ್ಣಾ, ನಮ್ಮದು ಕುಂಬಳೆ ಹತ್ತಿರ ಗೇರುಬೀಜ ಕಾರ್ಖಾನೆ. ಗುಡ್ಡದ ಬದಿಯಲ್ಲಿ ಮೂರು ಶೆಡ್ ಮೂರು ಮಟ್ಟದಲ್ಲಿ ಉಂಟು, ನಡುವೆ ಕಾಂಕ್ರೀಟ್ ಇಳಿಜಾರು. ಈಗ ಚೀಲ ಎಲ್ಲ ಕೈಗಾಡಿಯಲ್ಲಿ, ಹೊತ್ತು ಸಾಗಿಸುವುದು. ಟಗ್ಗರ್ ಮಾರುವವರು ಬಂದು ಮೂರು ಟನ್ ಎಳೆಯುತ್ತದೆ ಅಂದರು. ನಮಗೆ ಆದೀತಾ? ಮಳೆಗಾಲದಲ್ಲಿ ಗತಿ ಏನು ಮಾರಾಯ್ರೆ? — ಕಾರ್ಖಾನೆ ಮೇಲ್ವಿಚಾರಕ, ಕಾಸರಗೋಡು

ಮೂರು ಟನ್ ಎಳೆಯುತ್ತದೆ ಅನ್ನುವ ಮಾತು ಮಟ್ಟಸ ನೆಲಕ್ಕೆ ಮಾತ್ರ. ಇಳಿಜಾರಿನ ಮಾತು ಅವರು ಎತ್ತಿದ್ದಾರಾ? ಎತ್ತಿರಲಿಕ್ಕಿಲ್ಲ.

ನಯವಾದ ಮಟ್ಟಸ ನೆಲದಲ್ಲಿ ಒಳ್ಳೆಯ ಚಕ್ರ ಇದ್ದರೆ ಭಾರದ ಸುಮಾರು ನೂರಕ್ಕೆ ಎರಡು ಪಾಲು ಬಲ ಸಾಕು. ಮೂರು ಟನ್‌ಗೆ 60 ಕಿಲೋ ತೂಕದಷ್ಟು ಎಳೆತ. ಇಳಿಜಾರು 20 ಮೀಟರ್‌ಗೆ ಒಂದು ಮೀಟರ್ ಏರಿದರೆ, ಅಂದರೆ ನೂರಕ್ಕೆ ಐದು, ಅದರ ಮೇಲೆ ಇನ್ನೂ 150 ಕಿಲೋ ಸೇರುತ್ತದೆ. ಒಟ್ಟು 210, ಮೂರೂವರೆ ಪಟ್ಟು. ಹತ್ತು ಮೀಟರ್‌ಗೆ ಒಂದು ಮೀಟರ್ ಏರಿದರೆ 360, ಆರು ಪಟ್ಟು. ನೋಡಲು ಏನೂ ಅನ್ನಿಸದ ಏರು ಗಾಡಿಗೆ ದೊಡ್ಡ ಏರು. ನಿಮ್ಮಲ್ಲಿ ಎಷ್ಟಿದೆ ಅಂತ ಅಳೆಯಲು ಇಂಜಿನಿಯರ್ ಬೇಡ, ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಪೈಪು ಇರುತ್ತದಲ್ಲ, ಅದು ಸಾಕು. ಆ ಅಳತೆ ಹಿಡಿದುಕೊಂಡು ಮಾರುವವರನ್ನು ಕೇಳಿ, ಈ ಏರಿನಲ್ಲಿ ಎಷ್ಟು ಎಳೆಯುತ್ತದೆ, ನಡುವೆ ನಿಲ್ಲಿಸಿ ಮತ್ತೆ ಹೊರಡುತ್ತದಾ, ಬರೆದು ಕೊಡಿ ಅಂತ. ಕೂಡಲೇ ಅವರ ದನಿ ಸ್ವಲ್ಪ ತಗ್ಗುತ್ತದೆ ನೋಡಿ.

ಹತ್ತುವುದಕ್ಕಿಂತ ಇಳಿಯುವುದು ಭಯದ್ದು. ಸಾಮಾನ್ಯ ಟ್ರಾಲಿಗಳಿಗೆ ಬ್ರೇಕ್ ಇರುವುದಿಲ್ಲ, ಬ್ರೇಕ್ ಇರುವುದು ಟಗ್ಗರ್‌ಗೆ ಮಾತ್ರ. ಕಚ್ಚಾ ಗೇರುಬೀಜದ ಚೀಲ 80 ಕಿಲೋ ಲೆಕ್ಕ ಹಿಡಿದರೆ ಮೂರು ಟನ್ ಅಂದರೆ 37 ಚೀಲ. ಅಷ್ಟೂ ಭಾರ ಹಿಂದಿನಿಂದ ಒಂದು ಟನ್ ಆಸುಪಾಸಿನ ಗಾಡಿಯನ್ನು ತಳ್ಳುತ್ತದೆ. ಇಳಿಜಾರಿನ ಕೆಳಗೆ ತಿರುವು ಇದ್ದರಂತೂ ಟ್ರಾಲಿಗಳು ಅಡ್ಡ ಮಡಚಿಕೊಳ್ಳುತ್ತವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಜೂನ್ ಮುಗಿಯುವಷ್ಟರಲ್ಲಿ ಕಾಂಕ್ರೀಟ್ ಮೇಲೆ ಪಾಚಿ ಕಟ್ಟಿರುತ್ತದೆ, ನಡೆದು ಹೋಗುವವರೇ ಜಾರುತ್ತಾರೆ. ಒಳಾಂಗಣದ ಟಗ್ಗರ್‌ಗೆ ಹಾಕುವ ಗಟ್ಟಿ ಪಾಲಿಯುರಿಥೇನ್ ಚಕ್ರ ಒದ್ದೆ ನೆಲವನ್ನು ಹಿಡಿಯುವುದಿಲ್ಲ, ರಬ್ಬರ್ ಸ್ವಲ್ಪ ಮೇಲು.

ನನ್ನ ಅಭಿಪ್ರಾಯ ಕೇಳಿದರೆ ಶೆಡ್‌ನಿಂದ ಶೆಡ್‌ಗೆ ಟಗ್ಗರ್ ಬೇಡವೇ ಬೇಡ. ಅಲ್ಲಿಗೆ ಬ್ರೇಕ್ ಇರುವ ಒಂದು ಸಣ್ಣ ಗೂಡ್ಸ್ ಗಾಡಿ ಸಾಕು. ಒಂದೇ ಶೆಡ್‌ನ ಒಳಗೆ, ಹುರಿಯುವಲ್ಲಿಂದ ಒಡೆಯುವಲ್ಲಿಗೆ, ಅಲ್ಲಿಂದ ಒಣಗಿಸುವಲ್ಲಿಗೆ, ಹೀಗೆ ಮಟ್ಟಸ ಜಾಗದಲ್ಲಿ ಸಣ್ಣ ಟಗ್ಗರ್ ಓಡಿಸಬಹುದು. ಅಲ್ಲಿಯೂ ಒಡೆಯುವ ಜಾಗದ ನೆಲದಲ್ಲಿ ಸಿಪ್ಪೆಯ ಎಣ್ಣೆ ಹಿಡಿದಿರುತ್ತದೆ, ಅದನ್ನು ದಿನಾ ತೊಳೆಯುವ ವ್ಯವಸ್ಥೆ ಮೊದಲು ಆಗಲಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೇರಳದಲ್ಲಿ 1978ರ ಹೆಡ್‌ಲೋಡ್ ವರ್ಕರ್ಸ್ ಕಾಯ್ದೆ, ಅಂದರೆ ಹೊರೆ ಹೊರುವವರ ಕಾಯ್ದೆ, ಇದೆ. ಇವತ್ತು ಚೀಲ ಹೊರುತ್ತಿರುವವರು ಯಾರು, ನೋಂದಾಯಿಸಿದವರಾ, ನಿಮ್ಮ ಕಂಪನಿಯವರಾ? ಗಾಡಿ ಬಂದರೆ ಯಾರ ಕೆಲಸ ಎಷ್ಟು ಕಡಿಮೆ ಆಗುತ್ತದೆ? ಇದನ್ನು ಗಾಡಿ ತರುವ ಮೊದಲೇ ಯೂನಿಯನ್‌ನವರ ಜೊತೆ ಕೂತು ಮಾತಾಡಿ, ಅಸಿಸ್ಟೆಂಟ್ ಲೇಬರ್ ಆಫೀಸರ್‌ರ ಕಿವಿಗೂ ಹಾಕಿ. ಗಾಡಿ ಗೇಟಿಗೆ ಬಂದ ಮೇಲೆ ಮಾತುಕತೆ ಶುರು ಮಾಡಿದರೆ ಅದು ಗೇಟಿನಲ್ಲೇ ನಿಲ್ಲುತ್ತದೆ.

ಅಣ್ಣಾ, ನಾನು ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದ್ದೇನೆ. ದಿನಾ ಟ್ರಾಲಿ ತಳ್ಳುವುದೇ ಕೆಲಸ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಈಗ ಟಗ್ಗರ್ ಬಂದಿದೆ, ಟ್ರೈನಿಂಗ್‌ಗೆ ಗಂಡಸರನ್ನು ಮಾತ್ರ ಕಳಿಸಿದರು. ಹೆಂಗಸರ ಕೈಲಿ ಆಗಲ್ಲ ಅಂತಾರೆ ಸೂಪರ್‌ವೈಸರ್. ನಿಜವಾ? — ಓದುಗರು, ಡೆಂಕಣಿಕೋಟೆ

ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ ತಂಗಿ. ಮೈಬಲ ಬೇಕಾದ ಕೆಲಸ ನಿಮಗೆ, ಕೂತು ಬಟನ್ ಒತ್ತುವ ಕೆಲಸ ಅವರಿಗೆ.

ಬ್ರಿಟನ್‌ನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ತಳ್ಳುವ ಕೆಲಸಕ್ಕೆ ಒಂದು ಮಾರ್ಗಸೂಚಿ ಕೊಟ್ಟಿದೆ. ನಿಂತ ಟ್ರಾಲಿಯನ್ನು ಹೊರಡಿಸಲು ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15 ಕಿಲೋ ಬಲ. ಓಡುತ್ತಿರುವುದನ್ನು ಓಡಿಸಿಕೊಂಡು ಹೋಗಲು ಗಂಡಸರಿಗೆ 10, ಹೆಂಗಸರಿಗೆ 7. ಕುಂಬಳೆಯವರಿಗೆ ಹೇಳಿದ ನೂರಕ್ಕೆ ಎರಡರ ಲೆಕ್ಕ ಇಲ್ಲಿ ಹಾಕಿ. 400 ಕಿಲೋ ಟ್ರಾಲಿಗೆ ಕನಿಷ್ಠ 8 ಕಿಲೋ. ಅಂದರೆ ಚಕ್ರ ಚೆನ್ನಾಗಿದ್ದು ನೆಲ ನಯ ಇದ್ದರೂ ಅದು ನಿಮಗೆ ಹೇಳಿದ ಮಿತಿ ದಾಟಿಬಿಟ್ಟಿತು. ಚಕ್ರ ಸವೆದಿದ್ದರೆ, ನೆಲದ ಜಾಯಿಂಟ್ ಎದ್ದಿದ್ದರೆ ಇನ್ನೂ ಜಾಸ್ತಿ. ನಿಮ್ಮ ಟ್ರಾಲಿಯ ತೂಕ ಒಂದು ಸಲ ಸ್ಟೋರ್ಸ್ ಕಾಟಾದಲ್ಲಿ ಹಾಕಿಸಿ ನೋಡಿ. ಸೊಂಟ ನೋವಿಗೆ ಡಾಕ್ಟರ್ ಕೊಡುವ ಮುಲಾಮಿಗಿಂತ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

ಟಗ್ಗರ್ ಓಡಿಸಲು ಬೇಕಾಗುವುದು ಗಮನ, ತಾಳ್ಮೆ, ಸ್ಟಾಪ್‌ಗಳ ನೆನಪು. ಹೆಂಗಸರಿಗೆ ಆಗಲ್ಲ ಅನ್ನಲು ಯಾವ ಕಾರಣವೂ ಇಲ್ಲ. ನಿಮ್ಮ ಜಿಲ್ಲೆಯಲ್ಲೇ ಸ್ಕೂಟರ್ ಲೈನ್‌ಗಳನ್ನು ಹೆಣ್ಣುಮಕ್ಕಳು ನಡೆಸುತ್ತಿದ್ದಾರೆ. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಎಚ್‌ಆರ್‌ಗೆ ಬರೆದು ಕೊಡಿ, ಮುಂದಿನ ಬ್ಯಾಚ್‌ನಲ್ಲಿ ನಮ್ಮ ಹೆಸರೂ ಸೇರಿಸಿ ಅಂತ.

ಟ್ರೈನಿಂಗ್ ಸಿಕ್ಕಿದ ಮೇಲೆ ಒಂದು ಜಾಗದಲ್ಲಿ ಮಾತ್ರ ಬಹಳ ಹುಷಾರು, ಅದು ಕೊಂಡಿ. ಒಬ್ಬರು ಟಗ್ಗರ್ ಹಿಂದೆ ಹಿಂದೆ ತರುವುದು, ಇನ್ನೊಬ್ಬರು ಎರಡು ಗಾಡಿಗಳ ನಡುವೆ ನಿಂತು ಪಿನ್ ಹಿಡಿದು ತೂತಿಗೆ ಸರಿ ಹೊಂದಿಸುವುದು, ಇದನ್ನು ಎಲ್ಲ ಕಡೆ ಮಾಡುತ್ತಾರೆ, ಎಲ್ಲ ಕಡೆ ಬೆರಳು ಹೋಗುವುದೂ ಹೀಗೆಯೇ. ಗಾಡಿ ಪೂರ್ತಿ ನಿಂತು, ಪಾರ್ಕಿಂಗ್ ಬ್ರೇಕ್ ಬಿದ್ದು, ಡ್ರೈವರ್ ಇಳಿದ ಮೇಲೆ ಟ್ರಾಲಿಯನ್ನು ಕೈಯಲ್ಲಿ ಎಳೆದು ಪಿನ್ ಹಾಕಬೇಕು. ದುಪಟ್ಟಾ, ಉದ್ದ ಜಡೆ ಕೋಟಿನ ಒಳಗೆ. ಕಳಚಿದ ಟ್ರಾಲಿಯ ಮೂತಿ ನೆಲಕ್ಕೆ ಬಿದ್ದಿರಬಾರದು, ಯಾರಾದರೂ ಎಡವುತ್ತಾರೆ, ಮೇಲೆತ್ತಿ ಸಿಕ್ಕಿಸಿ.

ನಮಸ್ಕಾರ್ರೀ. ಅಕ್ಕಲಕೋಟ ರಸ್ತೆಯಲ್ಲಿ ನಮ್ಮದು ಸಣ್ಣ ಟವೆಲ್ ನೇಯುವ ಶೆಡ್. ನೂಲಿನ ಬೀಮ್, ತಯಾರಾದ ಮಾಲು ಸಾಗಿಸಲು ಟಗ್ಗರ್ ತರಬೇಕಂತ ಮಗ ಹಟ ಹಿಡಿದಾನ. ತರೋಣೇನ್ರಿ? — ಸೊಲ್ಲಾಪುರ

ಬೇಡ್ರಿ. ಮಗನಿಗೆ ಬೇಜಾರಾದರೂ ಪರವಾಗಿಲ್ಲ. ಪವರ್‌ಲೂಮ್ ಶೆಡ್‌ನಲ್ಲಿ ಮಗ್ಗಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ, ರೈಲು ತಿರುಗಲು ಸುತ್ತು ದಾರಿ ಎಲ್ಲಿದೆ? ಬೀಮ್ ಉದ್ದನೆಯದು, ಅದಕ್ಕೆ ಅದರದೇ ಬೀಮ್ ಟ್ರಾಲಿ ಒಳ್ಳೆಯದು. ದೂರವೂ ಹೆಚ್ಚಿಲ್ಲ. ಆ ದುಡ್ಡಿನಲ್ಲಿ ನೆಲದ ಗುಂಡಿ ಮುಚ್ಚಿಸಿ, ಟ್ರಾಲಿಗಳಿಗೆ ಒಳ್ಳೆಯ ಬೇರಿಂಗ್ ಚಕ್ರ ಹಾಕಿಸಿ.

ಮಗನ ಯೋಚನೆಯಲ್ಲಿ ಒಂದು ಒಳ್ಳೆಯ ಅಂಶ ಇದೆ, ಅದನ್ನು ಗಾಡಿ ಇಲ್ಲದೆಯೂ ಮಾಡಬಹುದು. ಒಬ್ಬ ಹುಡುಗ, ಒಂದು ತಳ್ಳುವ ಟ್ರಾಲಿ, ಗಂಟೆಗೊಂದು ಸುತ್ತು. ಬಾಬಿನ್ ಕೊಡುತ್ತಾ, ತಯಾರಾದ ಟವೆಲ್ ಎತ್ತಿಕೊಳ್ಳುತ್ತಾ ಬರಲಿ. ನೇಕಾರರು ಮಗ್ಗ ಬಿಟ್ಟು ಬಾಬಿನ್ ತರಲು ಎದ್ದು ಹೋಗುವುದು ತಪ್ಪುತ್ತದೆ. ಮೊದಲು ಇದನ್ನು ಮಗನಿಗೇ ವಹಿಸಿ ನೋಡಿ.

ಸರ್, ಡಿಪ್ಲೊಮಾ ಮುಗಿಸಿ ಕಾರು ಬಿಡಿಭಾಗದ ಕಂಪನಿಯಲ್ಲಿ ಟಗ್ಗರ್ ಓಡಿಸುತ್ತಿದ್ದೇನೆ. ಡ್ರೈವರ್ ಇಲ್ಲದ ಎಜಿವಿ ಬರುತ್ತದೆ ಅಂತ ಸುದ್ದಿ. ನನ್ನ ಕೆಲಸ ಹೋಗುತ್ತದಾ? ಬೇರೆ ಏನಾದರೂ ಕಲಿಯಲಾ? — ಹಿಂದೂಪುರ

ತಮ್ಮಾ, ಡ್ರೈವರ್ ಇಲ್ಲದ ಟಗ್ಗರ್ ಹೊಸ ವಿಷಯ ಏನಲ್ಲ. 1950ರ ದಶಕದ ಆರಂಭದಲ್ಲೇ ಅಮೆರಿಕದ ಬ್ಯಾರೆಟ್ ಎಲೆಕ್ಟ್ರಾನಿಕ್ಸ್ ಅನ್ನುವ ಕಂಪನಿ ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಒಂದನ್ನು ತಂತಿಯ ಜಾಡು ಹಿಡಿದು ತಾನೇ ಓಡುವ ಹಾಗೆ ಮಾಡಿತ್ತು. ಜಗತ್ತಿನ ಮೊದಲ ಎಜಿವಿ ಅಂತ ಹೇಳುವುದು ಅದನ್ನೇ. ಆಮೇಲೆ ನೆಲದ ಮ್ಯಾಗ್ನೆಟಿಕ್ ಟೇಪ್ ಬಂತು, ಈಗ ಲೇಸರ್‌ನಿಂದ ಸುತ್ತಮುತ್ತ ನೋಡಿಕೊಂಡು ಹೋಗುವುದು ಬಂದಿದೆ. ನಿಮ್ಮ ಕಡೆ 2019ರಲ್ಲಿ ಪೆನುಕೊಂಡದ ಹತ್ತಿರ ಕಿಯಾ ಕಾರು ಶುರುವಾದ ಮೇಲೆ ಸುತ್ತಮುತ್ತ ಬಿಡಿಭಾಗದ ಕಂಪನಿಗಳು ಬಂದಿವೆ, ಅಲ್ಲೆಲ್ಲ ಎಜಿವಿ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಬರೀ ಸ್ಟಿಯರಿಂಗ್ ಹಿಡಿಯುವ ಕೆಲಸ ಕಡಿಮೆ ಆಗುತ್ತದೆ, ಅದರಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ.

ಆದರೆ ಹೊಸೂರಿನವರಿಗೆ ಹಾಕಿದ ಲೆಕ್ಕ ನೋಡು. 22 ನಿಮಿಷದಲ್ಲಿ ಓಟ 4, ಬಿನ್ ಇಳಿಸಿ ಎತ್ತುವುದು 18. ಎಜಿವಿ ಉಳಿಸುವುದು ಆ 4 ನಿಮಿಷದ ಆಳನ್ನು. ಬಿನ್ ತಾನೇ ಜಾರಿ ಇಳಿಯುವ ವ್ಯವಸ್ಥೆ ಇದ್ದರೆ ಮಾತು ಬೇರೆ, ಆದರೆ ಅದಕ್ಕೆ ಎಲ್ಲ ಸ್ಟೇಷನ್‌ನ ರ‍್ಯಾಕೂ ಬದಲಿಸಬೇಕು. ತಪ್ಪು ಲೇಬಲ್ ಅಂಟಿದ ಬಿನ್, ಮೂಲೆ ಒಡೆದ ಪ್ಲಾಸ್ಟಿಕ್ ಭಾಗ, ದಾರಿಗೆ ಅಡ್ಡ ಬಿಟ್ಟ ಪ್ಯಾಲೆಟ್ ಟ್ರಕ್, ಇವೆಲ್ಲ ನಿನ್ನ ಕಣ್ಣಿಗೆ ಬೀಳುತ್ತವೆ. ಗಾಡಿ ಅಡ್ಡ ಇದ್ದ ವಸ್ತು ನೋಡಿ ನಿಂತು ಬೀಪ್ ಹೊಡೆಯುತ್ತಾ ಇರುತ್ತದೆ, ಯಾರಾದರೂ ಬಂದು ತೆಗೆಯಬೇಕು.

ಏನು ಕಲಿಯಲಿ ಅಂದೆಯಲ್ಲ. ನಿನ್ನ ರೂಟ್‌ನ ಒಂದೊಂದು ಸ್ಟಾಪ್‌ಗೆ ಎಷ್ಟು ಸಮಯ ಹಿಡಿಯುತ್ತದೆ ಅಂತ ಬರೆದಿಡು. ಬಿನ್ ಲೆಕ್ಕ ಹಾಕುವುದು ಕಲಿ, ಎಕ್ಸೆಲ್‌ನಲ್ಲಿ ಹಾಕು. ಎಜಿವಿ ತರುವ ಕಂಪನಿಯ ಇಂಜಿನಿಯರ್‌ಗಳು ಬಂದು ಮೊದಲು ಕೇಳುವುದು ಇದನ್ನೇ, ರೂಟ್ ಎಷ್ಟುದ್ದ, ಸ್ಟಾಪ್ ಎಷ್ಟು, ಎಲ್ಲಿ ಜನ ಅಡ್ಡ ಬರುತ್ತಾರೆ. ಬಹಳ ಕಂಪನಿಗಳಲ್ಲಿ ಇದಕ್ಕೆ ಉತ್ತರ ಗೊತ್ತಿರುವವರು ಯಾರೂ ಇರುವುದಿಲ್ಲ, ಆಗ ಆ ಕಾಗದ ನಿನ್ನ ಕೈಯಲ್ಲಿರಲಿ.

ನಮ್ಮ ಟಗ್ಗರ್ ಬ್ಯಾಟರಿ ಚಾರ್ಜಿಂಗ್ ರೂಮಿನಲ್ಲಿ ಈಚೆಗೆ ಕೊಳೆತ ಮೊಟ್ಟೆ ವಾಸನೆ ಬರುತ್ತಿದೆ. ಬ್ಯಾಟರಿ ಅಂದ್ರೆ ಹಾಗೇ ಅಂತಾರೆ ಎಲೆಕ್ಟ್ರಿಷಿಯನ್. ಅಷ್ಟೇನಾ? — ಮಡಕಶಿರ

ಅಷ್ಟೇ ಅಲ್ಲ, ತಕ್ಷಣ ನೋಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದಕ್ಕೆ ವಾಸನೆ ಇಲ್ಲ, ಆದರೆ ಕಿಡಿ ಬಿದ್ದರೆ ಸಿಡಿಯುತ್ತದೆ. ಅದಕ್ಕೇ ಆ ರೂಮಿಗೆ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಬೇಕು, ಬೀಡಿ ಸಿಗರೇಟ್ ಕೂಡದು ಅನ್ನುವುದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಬ್ಯಾಟರಿ ವಿಪರೀತ ಚಾರ್ಜ್ ಆಗುತ್ತಿದೆ ಅಥವಾ ಯಾವುದೋ ಸೆಲ್ ಕೆಟ್ಟಿದೆ ಅಂತ ಅರ್ಥ. ಅದು ವಿಷದ ಗಾಳಿ, ಸ್ವಲ್ಪ ಹೊತ್ತಿಗೆ ಮೂಗಿಗೆ ಗೊತ್ತಾಗುವುದೂ ನಿಲ್ಲುತ್ತದೆ, ವಾಸನೆ ಹೋಯಿತು ಅಂತ ಸಮಾಧಾನ ಪಡಬೇಡಿ. ಜನರನ್ನು ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದಿಡಿ, ರೂಮಿನ ಹೊರಗಿನ ಮೇನ್‌ನಿಂದ ಚಾರ್ಜರ್ ಆಫ್ ಮಾಡಿ, ಬ್ಯಾಟರಿ ಕಂಪನಿಯ ಸರ್ವಿಸ್‌ನವರನ್ನು ಕರೆಸಿ. ಅವರು ಬಂದಾಗ ಚಾರ್ಜರ್ ಸೆಟ್ಟಿಂಗ್ ಕೂಡ ಪರೀಕ್ಷೆ ಮಾಡಿಸಿ, ಬ್ಯಾಟರಿ ಬದಲಿಸಿ ಅದೇ ಹಾಳು ಚಾರ್ಜರ್‌ಗೆ ಸಿಕ್ಕಿಸುವವರೂ ಇದ್ದಾರೆ.

ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕುತ್ತಾರೆ ಅಂತಲೂ ಕೇಳಿ ನೋಡಿ. ಚಾರ್ಜ್ ಮುಗಿದ ಮೇಲೆ ಹಾಕಬೇಕು. ಮೊದಲೇ ತುಂಬಿಸಿಟ್ಟರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಚೆಲ್ಲುತ್ತದೆ, ಟಗ್ಗರ್‌ನ ತಳ ತುಕ್ಕು ಹಿಡಿಯುವುದು ಅದರಿಂದಲೇ. ಪ್ಲೇಟ್ ಕಾಣಿಸುವಷ್ಟು ನೀರು ಇಳಿದಿದ್ದರೆ ಮಾತ್ರ ಚಾರ್ಜ್‌ಗೆ ಮೊದಲು ಪ್ಲೇಟ್ ಮುಳುಗುವಷ್ಟು ಹಾಕಿ, ಉಳಿದದ್ದು ಆಮೇಲೆ.